ಡೇಟಾ ಪೈಪ್‌ಲೈನ್‌ನ ಇಂಟಿಗ್ರೇಷನ್ ಟೆಸ್ಟ್: ಲ್ಯಾಪ್‌ಟಾಪ್, ಕಂಟೇನರ್, ಎಮ್ಯುಲೇಟರ್, ಕ್ಲೌಡ್ – ಯಾವುದನ್ನು ಆರಿಸಬೇಕು?

ಮಂಗಳೂರು, ಉಡುಪಿ, ಮಣಿಪಾಲದಲ್ಲಿ ಡೇಟಾ ಕೆಲಸ ಮಾಡುವ ಸಣ್ಣ ತಂಡಗಳು ಸುಮಾರು ಉಂಟು. ನಾಲ್ಕೈದು ಜನ, ಡೇಟಾವನ್ನು ಒಂದು ಕಡೆಯಿಂದ ಎತ್ತಿ ಇನ್ನೊಂದು ಕಡೆ ಮುಟ್ಟಿಸುವ ಒಂದಿಷ್ಟು ಪೈಪ್‌ಲೈನ್, ಬೆಳಿಗ್ಗೆ ಗ್ರಾಹಕರ ಡ್ಯಾಶ್‌ಬೋರ್ಡ್‌ನಲ್ಲಿ ಸರಿಯಾದ ಅಂಕಿ ಕಾಣಬೇಕು. ಇಂಥ ತಂಡಗಳಲ್ಲಿ ಒಂದೊಂದು ಫಂಕ್ಷನ್ ಅನ್ನು ಬೇರೆಯಾಗಿ ನೋಡುವ ಯುನಿಟ್ ಟೆಸ್ಟ್ ಸಾಮಾನ್ಯವಾಗಿ ಇರುತ್ತದೆ. ಮೂಲದಿಂದ ಹೊರಟ ಡೇಟಾ ಕೊನೆಯ ಟೇಬಲ್‌ಗೆ ಸರಿಯಾಗಿ ಮುಟ್ಟಿತೇ ಎಂದು ತಾನಾಗಿ ನೋಡುವ ಇಂಟಿಗ್ರೇಷನ್ ಟೆಸ್ಟ್ ಮಾತ್ರ ಮುಂದಿನ ಸ್ಪ್ರಿಂಟ್‌ಗೆ (ಕೆಲಸದ ಕಂತಿಗೆ), ಅಲ್ಲಿಂದ ಅದರ ಮುಂದಿನದಕ್ಕೆ ಹೋಗುತ್ತಾ ಇರುತ್ತದೆ. ಅದನ್ನು ಎಲ್ಲಿ ಓಡಿಸಬೇಕು ಎಂಬುದೇ ತೀರ್ಮಾನವಾಗದೆ ಕೆಲಸ ನಿಂತುಬಿಡುತ್ತದೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸಣ್ಣ ತಂಡಕ್ಕೆ ಕಂಟೇನರ್ ಟೆಸ್ಟ್, ಅಂದರೆ ನಿಜವಾದ ಸಾಫ್ಟ್‌ವೇರನ್ನೇ ಪ್ರತ್ಯೇಕ ಡಬ್ಬಿಯಲ್ಲಿಟ್ಟಂತೆ ಓಡಿಸಿ ನೋಡುವುದು, ಮುಖ್ಯ ಆಧಾರ ಆಗಬೇಕು. ಅದರ ಜೊತೆ ದಿನಕ್ಕೊಮ್ಮೆ, ರಾತ್ರಿ ಹೊತ್ತು, ನಿಜವಾದ ಕ್ಲೌಡ್‌ನಲ್ಲಿ ಒಂದು ಓಟ. ಲ್ಯಾಪ್‌ಟಾಪ್‌ನೊಳಗೇ ಓಡುವ ಲೋಕಲ್ ರನ್ನರ್ ಲಾಜಿಕ್‌ಗೆ ಚೆನ್ನ, ಜೋಡಣೆಗೆ ಸಾಲದು. ಕ್ಲೌಡ್ ಸೇವೆಯನ್ನು ನಕಲು ಮಾಡುವ ಎಮ್ಯುಲೇಟರ್ ಬಳಸುವುದಾದರೆ ಎಲ್ಲಿ ಎಂದು ನೋಡಿ ಬಳಸಬೇಕು. ಇದಕ್ಕೆ ಕಾರಣ ತಿಳಿಯಬೇಕಾದರೆ ಪೈಪ್‌ಲೈನ್ ಎಲ್ಲಿ ಮುರಿಯುತ್ತದೆ ಅಂತ ಮೊದಲು ನೋಡಬೇಕು.

ಮುರಿಯುವುದು ಎಲ್ಲಿ?

ಒಂದು ಪೈಪ್‌ಲೈನ್ ಕಲ್ಪಿಸಿಕೊಳ್ಳೋಣ. ಮಲ್ಪೆಯಲ್ಲಿ ಬೆಳಗಿನ ಜಾವ ಮೀನು ಹರಾಜಾಗುತ್ತದೆ. ಏಜೆಂಟರ ಮೊಬೈಲ್ ಆ್ಯಪ್‌ನಿಂದ ಪ್ರತಿ ಹರಾಜಿನ ದಾಖಲೆ ಜೇಸನ್ ಎಂಬ ಪಠ್ಯ ರೂಪದಲ್ಲಿ, ಸಂದೇಶಗಳನ್ನು ಸಾಲಾಗಿ ಹಿಡಿದಿಡುವ ಕಾಫ್ಕಾಗೆ ಬರುತ್ತದೆ. ಒಂದು ಜಾಬ್ ಅದನ್ನು ಓದಿ, ಮೀನಿನ ಹೆಸರಿನ ಪಟ್ಟಿಗೂ ಬೋಟ್ ಮಾಲೀಕರ ಪಟ್ಟಿಗೂ ಜಾಯಿನ್ ಮಾಡಿ (ಹೊಂದಿಸಿ ಜೋಡಿಸಿ), ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಬರೆಯುತ್ತದೆ. ಬಂಗುಡೆ ಎಷ್ಟು, ಭೂತಾಯಿ ಎಷ್ಟು, ಅಂಜಲ್‌ಗೆ ಕಿಲೋಗೆ ಏನು ದರ ಎಂಬ ದಿನದ ಲೆಕ್ಕ ಅಲ್ಲಿಂದ ಹೊರಡುತ್ತದೆ.

ಈಗ ಎರಡು ದಾಖಲೆ ನೋಡಿ. ಒಂದು ಹರಾಜು ಬೆಳಿಗ್ಗೆ 5:00ಕ್ಕೆ ಮುಗಿಯಿತು, ಇನ್ನೊಂದು 6:00ಕ್ಕೆ. ಆ್ಯಪ್ ಸಮಯವನ್ನು +05:30 ಸಮೇತ ಸರಿಯಾಗಿಯೇ ಕಳಿಸಿದೆ. ಭಾರತದ ಸಮಯ ಯುಟಿಸಿ ಎಂಬ ಜಾಗತಿಕ ಮಾನಕ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ ಇರುವುದರಿಂದ 5:00 ಎಂಬುದು ಯುಟಿಸಿಯಲ್ಲಿ ಹಿಂದಿನ ದಿನದ 23:30 ಆಗುತ್ತದೆ. 6:00 ಎಂಬುದು ಅದೇ ದಿನದ 0:30. ದಿನದ ಮೊತ್ತ ಹಾಕುವ ಕ್ವೆರಿ ಯುಟಿಸಿ ಸೆಷನ್‌ನಲ್ಲಿ ಓಡಿದರೆ ಒಂದೇ ಬೆಳಗಿನ ಮೀನು ಎರಡು ದಿನಕ್ಕೆ ಹಂಚಿಹೋಗುತ್ತದೆ. ಎಲ್ಲೂ ಎರರ್ ಬರುವುದಿಲ್ಲ. ವಾರದ ಮೊತ್ತವೂ ಹೆಚ್ಚುಕಡಿಮೆ ಸರಿ ಕಾಣುತ್ತದೆ. ದಿನದ ದರ ಮಾತ್ರ ತಪ್ಪು. ಬೆಳಿಗ್ಗೆ 5:30ರ ಮೊದಲು ನಡೆಯುವ ವ್ಯವಹಾರ ಕರಾವಳಿಯಲ್ಲಿ ಎಷ್ಟು ಜಾಸ್ತಿ ಎಂದು ನಿಮಗೆ ಗೊತ್ತೇ ಉಂಟು. ಮೀನು, ಹಾಲು, ಹೂವು, ಪೇಪರ್ ಎಲ್ಲಾ ಆ ಹೊತ್ತಿನವೇ.

ಎರಡನೆಯದು ಅಕ್ಷರದ ಸಮಸ್ಯೆ. ಮಾಲೀಕರ ಊರು ಕೋಟ ಎಂದಿಟ್ಟುಕೊಳ್ಳಿ. ಯುನಿಕೋಡ್‌ನಲ್ಲಿ 'ಕೋ' ಬರೆಯಲು ಒಂದಕ್ಕಿಂತ ಜಾಸ್ತಿ ದಾರಿ ಉಂಟು. ಓಕಾರದ ಚಿಹ್ನೆಯನ್ನು ಒಂದೇ ಕೋಡ್‌ಪಾಯಿಂಟ್ (ಯುನಿಕೋಡ್‌ನ ಒಂದು ಅಂಕೆ) ಆಗಿ ಇಡಬಹುದು, ಇಲ್ಲವೇ ಅದನ್ನು ಮೂರು ತುಂಡಾಗಿ ಬಿಡಿಸಿಯೂ ಇಡಬಹುದು. ಮೊದಲ ರೀತಿಯಲ್ಲಿ 'ಕೋಟ' ಎಂಬುದು 3 ಕೋಡ್‌ಪಾಯಿಂಟ್, ಯುಟಿಎಫ್-8ರಲ್ಲಿ 9 ಬೈಟ್. ಬಿಡಿಸಿಟ್ಟರೆ 5 ಕೋಡ್‌ಪಾಯಿಂಟ್, 15 ಬೈಟ್. ಸ್ಕ್ರೀನ್ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಜಾಯಿನ್‌ಗೆ ಅವು ಬೇರೆ ಬೇರೆ. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಬೈಟ್ ನೋಡಿಯೇ ಸಮ ಎಂದು ಹೇಳುವುದು. ಹಾಗಾಗಿ ಎರಡೂ ಕಡೆ ಹೊಂದಿದ ಸಾಲನ್ನಷ್ಟೇ ಉಳಿಸುವ ಇನ್ನರ್ ಜಾಯಿನ್ ಆದರೆ ಕೋಟದ ಸಾಲುಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ. ಜಾಯಿನ್‌ಗೆ ಮೊದಲೇ ನಾರ್ಮಲೈಸ್ ಮಾಡಿದರೆ, ಅಂದರೆ ಎಲ್ಲವನ್ನೂ ಒಂದೇ ರೂಪಕ್ಕೆ ತಂದರೆ, ಮುಗಿಯಿತು. ಪೋಸ್ಟ್‌ಗ್ರೆಸ್ 13ರಿಂದ ಅದಕ್ಕೆ ಫಂಕ್ಷನ್ ಕೂಡ ಉಂಟು. ಆದರೆ ಮಾಡಬೇಕು ಅಂತ ಗೊತ್ತಾಗುವುದು ಟೆಸ್ಟ್ ಸೋತಾಗ ಮಾತ್ರ.

ಮೂರನೆಯದು, ಅದೇ ಡೇಟಾ ಎರಡು ಸಲ ಬರುವುದು. ನೆಟ್‌ವರ್ಕ್ ಹೋಯಿತು, ಆ್ಯಪ್ ಮತ್ತೊಮ್ಮೆ ಕಳಿಸಿತು. ಅಥವಾ ಜಾಬ್ ಅರ್ಧದಲ್ಲಿ ಬಿತ್ತು, ಯಾರೋ ಮತ್ತೆ ಓಡಿಸಿದರು. ಟೇಬಲ್‌ನಲ್ಲಿ ಸಾಲು ಡಬಲ್ ಆಯಿತೇ?

ಈ ಮೂರೂ ಒಂದು ಫಂಕ್ಷನ್‌ನೊಳಗಿನ ತಪ್ಪುಗಳಲ್ಲ. ಎರಡು ಭಾಗ ಒಂದಕ್ಕೊಂದು ತಾಗುವಲ್ಲಿ ಹುಟ್ಟುವವು. ಇನ್ನು ಮುಂದೆ ಪ್ರತಿ ಆಯ್ಕೆಗೂ ಇದೇ ಪ್ರಶ್ನೆ ಹಾಕೋಣ. ಇವು ಅಲ್ಲಿ ಸಿಕ್ಕಿಬೀಳುತ್ತವೆಯೇ?

ಲೋಕಲ್ ರನ್ನರ್

ಪೈಪ್‌ಲೈನ್ ಬರೆಯುವ ಸಲಕರಣೆಗಳಲ್ಲೇ ಇಂಥದ್ದು ಇರುತ್ತದೆ: ಅಪಾಚೆ ಬೀಮ್‌ನಲ್ಲಿ ಡೈರೆಕ್ಟ್ ರನ್ನರ್, ಸ್ಪಾರ್ಕ್‌ನಲ್ಲಿ ಲೋಕಲ್ ಮೋಡ್, ಕಾಫ್ಕಾ ಸ್ಟ್ರೀಮ್ಸ್‌ನಲ್ಲಿ ಟೋಪಾಲಜಿ ಟೆಸ್ಟ್ ಡ್ರೈವರ್. ಎಲ್ಲವೂ ಒಂದೇ ಪ್ರೊಸೆಸ್‌ನೊಳಗೆ ಓಡುತ್ತವೆ. ಸರ್ವರ್ ಬೇಡ, ನೆಟ್ ಬೇಡ. ಜೂನ್ ತಿಂಗಳ ಮಳೆಗೆ ಕರೆಂಟ್ ಹೋಗಿ ವೈಫೈ ಸತ್ತರೂ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ನಡೆಯುತ್ತದೆ.

ಬೀಮ್‌ನ ಡೈರೆಕ್ಟ್ ರನ್ನರ್ ಬಗ್ಗೆ ನನಗೆ ವಿಶೇಷ ಗೌರವ. ಅದು ವೇಗಕ್ಕಾಗಿ ಮಾಡಿದ್ದಲ್ಲ, ತಪ್ಪು ಹಿಡಿಯಲು ಮಾಡಿದ್ದು. ಎಲಿಮೆಂಟ್‌ಗಳನ್ನು (ದಾಖಲೆಗಳನ್ನು) ಬೇಕೆಂದೇ ಯಾವುದೋ ಕ್ರಮದಲ್ಲಿ ಕೊಡುತ್ತದೆ. ನಿಮ್ಮ ಕೋಡ್ ಬಂದ ಎಲಿಮೆಂಟ್ ಅನ್ನೇ ತಿದ್ದಿದರೆ ಹಿಡಿಯುತ್ತದೆ. ಸೀರಿಯಲೈಸ್ ಆಗದ್ದನ್ನು, ಅಂದರೆ ಬೈಟ್‌ಗಳಾಗಿ ಕಳಿಸಲು ಬಾರದ್ದನ್ನು, ಹಿಡಿಯುತ್ತದೆ. ಜೊತೆಗೆ ಟೆಸ್ಟ್‌ಸ್ಟ್ರೀಮ್ ಎಂಬುದೊಂದು ಉಂಟು. ಅದರಲ್ಲಿ ಗಡಿಯಾರ ನಿಮ್ಮ ಕೈಯಲ್ಲಿ. ವಾಟರ್‌ಮಾರ್ಕ್ ಅನ್ನು, ಅಂದರೆ ಇಲ್ಲಿಯವರೆಗಿನ ಡೇಟಾ ಬಂದಾಯಿತು ಎಂಬ ಗುರುತನ್ನು, 6:30ಕ್ಕೆ ತಂದು ನಿಲ್ಲಿಸಿ, ಆಮೇಲೆ 5:00ರ ದಾಖಲೆಯೊಂದನ್ನು ತಡವಾಗಿ ಒಳಗೆ ಬಿಟ್ಟು, ವಿಂಡೋದ (ಆ ಅವಧಿಯ) ಮೊತ್ತ ಸರಿಯಾಯಿತೇ ಎಂದು ಕೇಳಬಹುದು. ಸಿಗ್ನಲ್ ಇಲ್ಲದ ಕಡೆಯಿಂದ ತಡವಾಗಿ ಬರುವ ಡೇಟಾ ನಿಮ್ಮಲ್ಲಿದ್ದರೆ ಇದಕ್ಕೆ ಸಮನಾದ ದಾರಿ ಇನ್ನೊಂದಿಲ್ಲ. ನಿಜವಾದ ಕ್ಲೌಡ್‌ನಲ್ಲಿ ತಡ ಎಂಬುದನ್ನು ಬೇಕಾದ ಹಾಗೆ ಸೃಷ್ಟಿಸುವುದು ಬಹಳ ಕಷ್ಟ.

ಸ್ಪಾರ್ಕ್‌ನ ಲೋಕಲ್ ಮೋಡ್ ಕೂಡ ಒಳ್ಳೆಯದೇ. 3.5ರಿಂದ ಎರಡು ಡೇಟಾಫ್ರೇಮ್ (ಟೇಬಲ್ ರೂಪದ ಡೇಟಾ) ಸಮವೇ ಎಂದು ನೋಡುವ ಸಲಕರಣೆ ಪೈಸ್ಪಾರ್ಕ್‌ನಲ್ಲೇ ಬಂದಿದೆ. ಒಂದು ಸಣ್ಣ ಸಲಹೆ: ಶಫಲ್ ಪಾರ್ಟಿಷನ್ (ಡೇಟಾ ಮರುಹಂಚುವಾಗಿನ ತುಂಡುಗಳ ಸಂಖ್ಯೆ) ಡೀಫಾಲ್ಟ್ ಆಗಿ 200 ಇರುತ್ತದೆ. ಹತ್ತು ಸಾಲಿನ ಟೆಸ್ಟ್‌ಗೆ ಅದನ್ನು 1 ಅಥವಾ 2ಕ್ಕೆ ಇಳಿಸಿ. ಟೆಸ್ಟ್ ಎಷ್ಟೋ ಬೇಗ ಮುಗಿಯುತ್ತದೆ.

ಆದರೆ ಸಮಯದ ತಪ್ಪು ಇಲ್ಲಿ ಅಡಗಿಕೊಳ್ಳುತ್ತದೆ. ಸ್ಪಾರ್ಕ್ ತನ್ನ ಸೆಷನ್ ಸಮಯವಲಯವನ್ನು ನೀವು ಹೇಳದಿದ್ದರೆ ಜಾವಾ ಓಡಿಸುವ ಜೆವಿಎಂನಿಂದ ತೆಗೆದುಕೊಳ್ಳುತ್ತದೆ. ಮಂಗಳೂರಿನ ಕೊಡಿಯಾಲಬೈಲಿನಲ್ಲಿ ಕೂತ ಲ್ಯಾಪ್‌ಟಾಪ್‌ನಲ್ಲಿ ಅದು ಏಷ್ಯಾ/ಕೋಲ್ಕತ್ತಾ. ಕ್ಲೌಡ್‌ನ ಯಂತ್ರದಲ್ಲಿ ಅದು ಸಾಮಾನ್ಯವಾಗಿ ಯುಟಿಸಿ. ಹಾಗಾಗಿ 5:00ರ ಹರಾಜು ಲ್ಯಾಪ್‌ಟಾಪ್‌ನಲ್ಲಿ ಸರಿಯಾದ ದಿನಕ್ಕೆ ಬೀಳುತ್ತದೆ, ಟೆಸ್ಟ್ ಹಸಿರು (ಪಾಸು). ಪ್ರೊಡಕ್ಷನ್‌ನಲ್ಲಿ, ಅಂದರೆ ಗ್ರಾಹಕರಿಗಾಗಿ ನಿಜವಾಗಿ ಓಡುವ ಕಡೆ, ಹಿಂದಿನ ದಿನ. ಸಮಯವಲಯವನ್ನು ಕೋಡ್‌ನಲ್ಲೇ ಬರೆದು ಗಟ್ಟಿ ಮಾಡಿ.

ಅಕ್ಷರದ ತಪ್ಪು ಸಿಗುವುದು ನಿಮ್ಮ ಸ್ಯಾಂಪಲ್ ಡೇಟಾ ಎಲ್ಲಿಂದ ಬಂತು ಎಂಬುದರ ಮೇಲೆ. ನೀವೇ ಕೀಬೋರ್ಡ್‌ನಲ್ಲಿ 'ಕೋಟ' ಎಂದು ಟೈಪ್ ಮಾಡಿದರೆ ಎರಡೂ ಕಡೆ ಒಂದೇ ರೂಪ ಬರುತ್ತದೆ, ತಪ್ಪು ಕಾಣುವುದೇ ಇಲ್ಲ. ಮೂಲದಿಂದ ಬಂದ ಬೈಟ್‌ಗಳನ್ನೇ ಎತ್ತಿ ಇಡಬೇಕು.

ಕಂಟೇನರ್

ಇಲ್ಲಿ ನಿಜವಾದ ಕಾಫ್ಕಾ, ನಿಜವಾದ ಪೋಸ್ಟ್‌ಗ್ರೆಸ್ ಕಂಟೇನರ್ ಓಡಿಸುವ ಡಾಕರ್‌ನಲ್ಲಿ ಎದ್ದು, ಟೆಸ್ಟ್ ಮುಗಿದ ಮೇಲೆ ಮಾಯವಾಗುತ್ತವೆ. ಯಾವ ಯಾವ ಕಂಟೇನರ್ ಬೇಕು ಎಂದು ಹೇಳುವ ಕಂಪೋಸ್ ಫೈಲ್ ಬರೆದು ಮಾಡಬಹುದು. ನನಗೆ ಟೆಸ್ಟ್‌ಕಂಟೇನರ್ಸ್ ಲೈಬ್ರರಿ ಜಾಸ್ತಿ ಇಷ್ಟ. ಜಾವಾ, ಪೈಥಾನ್, ಗೋ ಎಲ್ಲದಕ್ಕೂ ಇದೆ. ಖಾಲಿ ಇರುವ ಪೋರ್ಟ್ ಅನ್ನು ತಾನೇ ಹುಡುಕಿಕೊಳ್ಳುತ್ತದೆ. ಹಾಗಾಗಿ ಒಂದೇ ಯಂತ್ರದಲ್ಲಿ ಎರಡು ಟೆಸ್ಟ್ ಓಡಿದರೂ ಜಗಳ ಇಲ್ಲ. ಟೆಸ್ಟ್ ಅರ್ಧದಲ್ಲಿ ಸತ್ತರೂ ಉಳಿದ ಕಂಟೇನರ್‌ಗಳನ್ನು ಗುಡಿಸಿ ಹಾಕುತ್ತದೆ.

ಸಮಯದ ತಪ್ಪು ಇಲ್ಲಿ ಹೇಗೆ ಹೊರಬರುತ್ತದೆ ನೋಡಿ. ಲ್ಯಾಪ್‌ಟಾಪ್‌ನಲ್ಲಿ ನೇರವಾಗಿ ಪೋಸ್ಟ್‌ಗ್ರೆಸ್ ಇನ್‌ಸ್ಟಾಲ್ ಮಾಡಿದರೆ ಅದು ಆ ಯಂತ್ರದ ಸಮಯವಲಯವನ್ನೇ ಹಿಡಿಯುತ್ತದೆ, ಅಂದರೆ ಭಾರತದ್ದು. ಅಧಿಕೃತ ಡಾಕರ್ ಇಮೇಜ್ (ಕಂಟೇನರ್‌ನ ಸಿದ್ಧ ಅಚ್ಚು) ಯುಟಿಸಿಯಲ್ಲಿ ಏಳುತ್ತದೆ. ಪೈಥಾನ್‌ನಿಂದ ಸಂಪರ್ಕಿಸಿ ದಿನದ ಮೊತ್ತ ಹಾಕಿದರೆ 5:00ರ ಸಾಲು ಹಿಂದಿನ ದಿನಕ್ಕೆ ಹೋಗಿ ಕೂತಿರುತ್ತದೆ. ಟೆಸ್ಟ್ ಕೆಂಪು. ನಮಗೆ ಬೇಕಾದ್ದು ಇದೇ ಅಲ್ವಾ? ಜಾವಾದವರು ಇನ್ನೊಂದು ಹೆಜ್ಜೆ ಹಾಕಬೇಕು. ಜಾವಾವನ್ನು ಪೋಸ್ಟ್‌ಗ್ರೆಸ್‌ಗೆ ಜೋಡಿಸುವ ಜೆಡಿಬಿಸಿ ಡ್ರೈವರ್ ಸಂಪರ್ಕಿಸುವಾಗ ಜೆವಿಎಂನ ಸಮಯವಲಯವನ್ನೇ ಸೆಷನ್‌ಗೆ ಕಳಿಸುತ್ತದೆ. ಡೇಟಾಬೇಸ್ ಕಂಟೇನರ್‌ನಲ್ಲಿದ್ದರೂ ಜಾಬ್ ಲ್ಯಾಪ್‌ಟಾಪ್‌ನಲ್ಲಿ ಓಡಿದರೆ ತಪ್ಪು ಮತ್ತೆ ಮುಚ್ಚಿಹೋಗುತ್ತದೆ. ಜಾಬ್ ಅನ್ನೂ ಕಂಟೇನರ್‌ನೊಳಗೇ, ಪ್ರೊಡಕ್ಷನ್‌ಗೆ ಹೋಗುವ ಅದೇ ಇಮೇಜ್‌ನಲ್ಲಿ ಓಡಿಸಿ. ಹಾಗೆ ಮಾಡಿದರೆ ಲೈಬ್ರರಿ ಬಿಟ್ಟುಹೋದದ್ದು, ವರ್ಷನ್ ತಪ್ಪಿದ್ದು ಕೂಡ ಅಲ್ಲೇ ಗೊತ್ತಾಗುತ್ತದೆ.

ಡಬಲ್ ಆಗುವ ಸಮಸ್ಯೆಗೆ ಟೆಸ್ಟ್ ಬರೆಯುವುದು ಬಹಳ ಸುಲಭ. ಅದೇ ಇನ್‌ಪುಟ್‌ನಲ್ಲಿ ಜಾಬ್ ಅನ್ನು ಎರಡು ಸಲ ಓಡಿಸಿ. ಎರಡನೇ ಓಟದ ನಂತರವೂ ಟೇಬಲ್ ಮೊದಲಿನಂತೆಯೇ ಇರಬೇಕು. ಯುನಿಕ್ ಕನ್‌ಸ್ಟ್ರೇಂಟ್ (ಒಂದೇ ಸಾಲು ಎರಡು ಸಲ ಬೇಡ ಎಂಬ ನಿಯಮ), ಅಪ್‌ಸರ್ಟ್ (ಇದ್ದರೆ ತಿದ್ದು, ಇಲ್ಲದಿದ್ದರೆ ಸೇರಿಸು) ಇವೆಲ್ಲ ನಿಜವಾದ ಡೇಟಾಬೇಸ್‌ನಲ್ಲಿ ಹೇಗೆ ನಡೆಯುತ್ತವೆಯೋ ಹಾಗೇ ಇಲ್ಲಿ ನಡೆಯುತ್ತವೆ. ಪೋಸ್ಟ್‌ಗ್ರೆಸ್ ಬದಲಿಗೆ ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸ್ ಇಟ್ಟು ಟೆಸ್ಟ್ ಮಾಡುವವರಿದ್ದಾರೆ. ಬೇಡ. ಎರಡರ ಟೈಪ್‌ಗಳೂ ಬೇರೆ, ದಿನಾಂಕದ ಲೆಕ್ಕವೂ ಬೇರೆ. ಪಾಸಾದ ಟೆಸ್ಟ್‌ಗೆ ಅರ್ಥ ಇರುವುದಿಲ್ಲ.

ಕಷ್ಟಗಳೂ ಉಂಟು. 8 ಜಿಬಿ ರ್‍ಯಾಮ್ ಇರುವ ಲ್ಯಾಪ್‌ಟಾಪ್‌ನಲ್ಲಿ ಕಾಫ್ಕಾ, ಸ್ಪಾರ್ಕ್, ಪೋಸ್ಟ್‌ಗ್ರೆಸ್ ಒಟ್ಟಿಗೆ ಎದ್ದರೆ ಫ್ಯಾನ್ ಕೂಗಲು ಶುರು. ಕಾಫ್ಕಾಗೆ ಈಗ ಝೂಕೀಪರ್ ಎಂಬ ಜೊತೆಗಾರ ಸಾಫ್ಟ್‌ವೇರ್ ಬೇಡ, 2025ರಲ್ಲಿ ಬಂದ 4.0ರಿಂದ ಅದನ್ನು ಪೂರ್ತಿ ತೆಗೆದೇ ಬಿಟ್ಟಿದ್ದಾರೆ. ಹಾಗಾಗಿ ಒಂದು ಕಂಟೇನರ್ ಕಡಿಮೆಯಾಯಿತು. ಇಮೇಜ್‌ಗಳನ್ನು ಒಳ್ಳೆ ನೆಟ್ ಇರುವಾಗ ಮೊದಲೇ ಇಳಿಸಿಟ್ಟುಕೊಳ್ಳಿ, ಆಮೇಲೆ ನೆಟ್ ಇಲ್ಲದೆಯೂ ಓಡುತ್ತವೆ. ಡಾಕರ್ ಡೆಸ್ಕ್‌ಟಾಪ್‌ಗೆ ದುಡ್ಡು ಕೊಡಬೇಕೇ ಎಂದು ಹಲವರು ಕೇಳುತ್ತಾರೆ. 250ಕ್ಕಿಂತ ಕಡಿಮೆ ನೌಕರರು, ವರ್ಷಕ್ಕೆ 1 ಕೋಟಿ ಡಾಲರ್‌ಗಿಂತ ಕಡಿಮೆ ಆದಾಯ, ಇವೆರಡೂ ಇದ್ದರೆ ಬೇಡ. ಲಿನಕ್ಸ್‌ನಲ್ಲಿ ಡಾಕರ್ ಎಂಜಿನ್ ಹೇಗೂ ಉಚಿತ.

ಟೆಸ್ಟ್‌ನೊಳಗೆ "ಐದು ಸೆಕೆಂಡ್ ಮಲಗು" ಎಂದು ಬರೆಯಬೇಡಿ. ಇವತ್ತು ಐದು ಸಾಕಾಗುತ್ತದೆ, ನಾಳೆ ಟೆಸ್ಟ್‌ಗಳನ್ನು ತಾನಾಗಿ ಓಡಿಸುವ ಸಿಐ ಯಂತ್ರ ನಿಧಾನ ಇದ್ದಾಗ ಸಾಲುವುದಿಲ್ಲ. ಟೇಬಲ್‌ನಲ್ಲಿ ಸಾಲು ಕಾಣುವವರೆಗೆ ಮತ್ತೆ ಮತ್ತೆ ಕೇಳಿ, ಒಂದು ಮಿತಿ ದಾಟಿದರೆ ಸೋಲು ಎಂದು ಬರೆಯಿರಿ. ಕಾರಣವಿಲ್ಲದೆ ಒಮ್ಮೊಮ್ಮೆ ಕೆಂಪಾಗುವ ಟೆಸ್ಟ್ ಅನ್ನು ತಂಡ ಬೇಗ ನಂಬುವುದು ಬಿಡುತ್ತದೆ. ಆಮೇಲೆ ನಿಜವಾದ ತಪ್ಪಿಗೆ ಕೆಂಪಾದರೂ ಯಾರೂ ನೋಡುವುದಿಲ್ಲ.

ಎಮ್ಯುಲೇಟರ್

ಕ್ಲೌಡ್ ಸೇವೆಯ ನಕಲು ಇದು. ಅಮೆಜಾನ್‌ನ ಎಡಬ್ಲ್ಯುಎಸ್‌ಗೆ ಲೋಕಲ್‌ಸ್ಟ್ಯಾಕ್, ಗೂಗಲ್‌ನ ಪಬ್‌ಸಬ್ ಎಂಬ ಸಂದೇಶ ಸೇವೆಗೆ ಗೂಗಲ್‌ನವರದೇ ಎಮ್ಯುಲೇಟರ್. ಸಂದೇಶ ಕಳಿಸು, ತೆಗೆದುಕೋ, ಫೈಲ್ ಇಡು, ಓದು ಎಂಬಷ್ಟಕ್ಕೆ ಚೆನ್ನಾಗಿ ಸಾಕು. ಆದರೆ ಅನುಮತಿಗಳನ್ನು ಇವು ನಿಜದಂತೆ ನೋಡುವುದಿಲ್ಲ. ಪಬ್‌ಸಬ್ ಎಮ್ಯುಲೇಟರ್‌ನಲ್ಲಿ ಐಎಎಂ (ಯಾರಿಗೆ ಯಾವ ಅನುಮತಿ ಎಂಬ ವ್ಯವಸ್ಥೆ) ಇಲ್ಲ. ಲೋಕಲ್‌ಸ್ಟ್ಯಾಕ್ ಕೂಡ ಸುಮ್ನೆ ಓಡಿಸಿದರೆ ಅನುಮತಿ ಕೇಳುವುದಿಲ್ಲ. ಕ್ಲೌಡ್‌ಗೆ ಹೊಸದಾಗಿ ಹಾಕಿದ ಪೈಪ್‌ಲೈನ್ ಮೊದಲ ದಿನ ನಿಲ್ಲುವುದು ಬಹಳ ಸಲ ಅದು ಬಳಸುವ ಸರ್ವಿಸ್ ಅಕೌಂಟ್‌ಗೆ ಒಂದು ರೋಲ್ (ಅನುಮತಿಗಳ ಗುಂಪು) ಕೊಡದೇ ಇರುವುದರಿಂದಲೇ. ಗೂಗಲ್‌ನ ಡೇಟಾ ವೇರ್‌ಹೌಸ್ (ವಿಶ್ಲೇಷಣೆಗೆ ಡೇಟಾ ಸೇರಿಸಿಡುವ ದೊಡ್ಡ ಡೇಟಾಬೇಸ್) ಆದ ಬಿಗ್‌ಕ್ವೆರಿಗಂತೂ ಅಧಿಕೃತ ಎಮ್ಯುಲೇಟರ್ ಇಲ್ಲ. ಸಮುದಾಯದವರು ಮಾಡಿದ್ದೊಂದು ಉಂಟು, ಆದರೆ ನಿಮ್ಮ ಎಸ್‌ಕ್ಯೂಎಲ್ ಅಲ್ಲಿ ಓಡಿತು ಎಂದ ಮಾತ್ರಕ್ಕೆ ನಿಜವಾದ ಬಿಗ್‌ಕ್ವೆರಿಯಲ್ಲಿ ಓಡುತ್ತದೆ ಎಂದು ಧೈರ್ಯ ಮಾಡಬೇಡಿ. ಸಂದೇಶದ ಸರತಿಗೆ, ಫೈಲಿಗೆ ಎಮ್ಯುಲೇಟರ್ ಸರಿ. ವೇರ್‌ಹೌಸ್‌ಗೆ ಬೇಡ.

ನಿಜವಾದ ಕ್ಲೌಡ್

ಬಿಗ್‌ಕ್ವೆರಿಯೋ ಅದರಂಥದೇ ಇನ್ನೊಂದು ವೇರ್‌ಹೌಸ್ ಆದ ಸ್ನೋಫ್ಲೇಕೋ ನಿಮ್ಮ ಪೈಪ್‌ಲೈನ್‌ನ ಹೃದಯ ಆಗಿದ್ದರೆ ಇದನ್ನು ತಪ್ಪಿಸಲಾಗದು. ಟೆಸ್ಟ್‌ಗೆಂದು ಬೇರೆಯೇ ಪ್ರಾಜೆಕ್ಟ್ ಮಾಡಿ. ಪ್ರತಿ ಓಟಕ್ಕೂ ಹೊಸ ಹೆಸರಿನ ಡೇಟಾಸೆಟ್ ಹುಟ್ಟಿಸಿ, ಅದರ ಟೇಬಲ್‌ಗಳಿಗೆ ಕೆಲವು ಗಂಟೆಗಳ ಆಯುಷ್ಯ ಮಾತ್ರ ಕೊಡಿ. ಟೆಸ್ಟ್ ಅಳಿಸಲು ಮರೆತರೂ ಬಿಗ್‌ಕ್ವೆರಿ ತಾನೇ ಅಳಿಸುತ್ತದೆ. ಸ್ನೋಫ್ಲೇಕ್‌ನಲ್ಲಿ ಝೀರೋ ಕಾಪಿ ಕ್ಲೋನ್ ಮಾಡಿ ಅದರ ಮೇಲೆ ಟೆಸ್ಟ್ ಓಡಿಸಬಹುದು, ಡೇಟಾ ನಕಲಾಗದೇ ಇರುವುದರಿಂದ ಆಮೇಲೆ ಬದಲಾದ ಭಾಗಕ್ಕೆ ಮಾತ್ರ ಜಾಗದ ಖರ್ಚು ಬರುತ್ತದೆ.

ಖರ್ಚಿನ ಹೆದರಿಕೆ ನಮ್ಮ ಕಡೆ ಜಾಸ್ತಿ. ನಿಜ ಹೇಳಬೇಕೆಂದರೆ ಸಣ್ಣ ಸ್ಯಾಂಪಲ್‌ಗೆ ಬಿಲ್ ಅಷ್ಟೇನೂ ಏರುವುದಿಲ್ಲ. ಬಿಗ್‌ಕ್ವೆರಿಯಲ್ಲಿ ತಿಂಗಳಿಗೆ 1 ಟೆರಾಬೈಟ್‌ವರೆಗೆ ಕ್ವೆರಿ ಉಚಿತ. ಟೇಬಲ್ ಎಷ್ಟೇ ಚಿಕ್ಕದಿದ್ದರೂ ಕ್ವೆರಿಯಲ್ಲಿ ಬಂದ ಪ್ರತಿ ಟೇಬಲ್‌ಗೆ ಕನಿಷ್ಠ 10 ಎಂಬಿ ಲೆಕ್ಕ ಹಾಕುತ್ತಾರೆ. ಆದರೂ ರಾತ್ರಿಗೊಂದು ಓಟ ಆ ಮಿತಿಯೊಳಗೆ ಆರಾಮಾಗಿ ಕೂರುತ್ತದೆ. ಜಾಸ್ತಿ ಹೋಗುವುದು ಸಮಯ. ಗೂಗಲ್ ಕ್ಲೌಡ್‌ನಲ್ಲಿ ಬೀಮ್ ಓಡಿಸುವ ಡೇಟಾಫ್ಲೋದಲ್ಲಿ ಜಾಬ್ ಯಂತ್ರಗಳನ್ನು ಎಬ್ಬಿಸಿಕೊಂಡು ಶುರುವಾಗಲು ಕೆಲವು ನಿಮಿಷ ಬೇಕು. ಪ್ರತಿ ಪುಲ್ ರಿಕ್ವೆಸ್ಟ್‌ಗೂ (ಕೋಡ್ ಸೇರಿಸುವ ಕೋರಿಕೆಗೂ) ಅಷ್ಟು ಕಾಯುವ ತಾಳ್ಮೆ ಯಾರಿಗೂ ಇಲ್ಲ. ಅದಕ್ಕೇ ರಾತ್ರಿ ಓಟ ಎಂದದ್ದು.

ಐಎಎಂ ರೋಲ್, ರೀಜನ್ (ಕ್ಲೌಡ್ ಯಂತ್ರ ಇರುವ ಪ್ರದೇಶ), ಬಳಕೆಯ ಮಿತಿ ಇವುಗಳ ತಪ್ಪು ಇಲ್ಲಲ್ಲದೆ ಬೇರೆಲ್ಲೂ ಸಿಗುವುದಿಲ್ಲ. ಸಮಯದ ತಪ್ಪೂ ಸಿಗುತ್ತದೆ. ಬಿಗ್‌ಕ್ವೆರಿಯಲ್ಲಿ ಟೈಮ್‌ಸ್ಟಾಂಪ್‌ನಿಂದ ದಿನಾಂಕ ತೆಗೆಯುವಾಗ ವಲಯ ಹೇಳದಿದ್ದರೆ ಅದು ಯುಟಿಸಿ ಎಂದೇ ಹಿಡಿಯುತ್ತದೆ.

ಪ್ರೊಡಕ್ಷನ್ ಡೇಟಾವನ್ನು ಹಾಗೆಯೇ ನಕಲು ಮಾಡಿ ಟೆಸ್ಟ್‌ಗೆ ಹಾಕುವುದು ಮಾತ್ರ ಬೇಡವೇ ಬೇಡ. ಅದರಲ್ಲಿ ಜನರ ಹೆಸರು, ಫೋನ್ ನಂಬರ್, ಬ್ಯಾಂಕ್ ಖಾತೆ ಇರುತ್ತದೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆ ಒಂದು ಕಡೆ. ಕಾಯ್ದೆ ಇಲ್ಲದಿದ್ದರೂ, ನಂಬಿ ಕೊಟ್ಟವರ ಮಾಹಿತಿ ಎಲ್ಲರ ಲ್ಯಾಪ್‌ಟಾಪ್‌ನಲ್ಲಿ ಓಡಾಡಬಾರದು. ಹೆಸರು, ನಂಬರ್ ಬದಲಿಸಿ, ಉಳಿದ ಆಕಾರ ಹಾಗೇ ಇಟ್ಟುಕೊಳ್ಳಿ.

ಆ ಸ್ಯಾಂಪಲ್ ಹಳಸದಂತೆಯೂ ನೋಡಿಕೊಳ್ಳಬೇಕು. ನಮ್ಮ ಕರಾವಳಿಯ ಬ್ಯಾಂಕ್‌ಗಳನ್ನೇ ನೋಡಿ. ಮಣಿಪಾಲದಲ್ಲಿ ಪ್ರಧಾನ ಕಚೇರಿ ಇದ್ದ ಸಿಂಡಿಕೇಟ್ ಬ್ಯಾಂಕ್ 2020ರ ಏಪ್ರಿಲ್ 1ರಂದು ಕೆನರಾ ಬ್ಯಾಂಕ್‌ನೊಳಗೆ ಸೇರಿತು. ಎಸ್‌ವೈಎನ್‌ಬಿ ಎಂದು ಶುರುವಾಗುವ ಐಎಫ್‌ಎಸ್‌ಸಿ ಕೋಡ್‌ಗಳು 2021ರ ಜುಲೈ 1ರಿಂದ ನಡೆಯಲಿಲ್ಲ. ಹಳೇ ಕೋಡ್ ಇರುವ ಸ್ಯಾಂಪಲ್ ಇಟ್ಟುಕೊಂಡ ಟೆಸ್ಟ್ ಇವತ್ತಿಗೂ ಹಸಿರಾಗಿಯೇ ಇರುತ್ತದೆ. ಅಂಥ ಕೋಡ್ ಬಂದರೆ ಪಾವತಿ ಸಾಲಿಗೆ ಹೋಗದೆ ತಿರಸ್ಕೃತ ಟೇಬಲ್‌ಗೆ ಹೋಗಬೇಕು ಎಂದು ಇನ್ನೊಂದು ಟೆಸ್ಟ್ ಬರೆದಿಡಿ.

ಯಾರಿಗೆ ಯಾವುದು?

ಪೋಸ್ಟ್‌ಗ್ರೆಸ್, ಕಾಫ್ಕಾ, ಜಾಬ್‌ಗಳನ್ನು ಸಮಯಕ್ಕೆ ಸರಿಯಾಗಿ ಓಡಿಸುವ ಏರ್‌ಫ್ಲೋ ಎಂದು ಓಪನ್ ಸೋರ್ಸ್ ಮೇಲೆಯೇ ನಿಂತ ತಂಡ ಕಂಟೇನರ್ ಟೆಸ್ಟ್‌ನಲ್ಲೇ ಮುಕ್ಕಾಲು ದಾರಿ ಸಾಗಬಹುದು. ಏರ್‌ಫ್ಲೋದಲ್ಲಿ 2.5ರಿಂದ ಒಂದು ಡ್ಯಾಗ್ ಅನ್ನು (ಕೆಲಸಗಳ ಸರಣಿಯನ್ನು) ಶೆಡ್ಯೂಲರ್ ಇಲ್ಲದೆ ಒಂದೇ ಪ್ರೊಸೆಸ್‌ನಲ್ಲಿ ಓಡಿಸಿ ನೋಡುವ ಸೌಲಭ್ಯ ಇದೆ, ಅದನ್ನೂ ಸೇರಿಸಿಕೊಳ್ಳಿ. ಬೀಮ್‌ನಲ್ಲಿ ಸ್ಟ್ರೀಮಿಂಗ್ ಬರೆಯುವವರು ಟೆಸ್ಟ್‌ಸ್ಟ್ರೀಮ್ ಅನ್ನು ಮೊದಲು ಕಲಿಯಿರಿ, ರಾತ್ರಿ ಓಟ ಆಮೇಲೆ. ಎಲ್ಲವೂ ಬಿಗ್‌ಕ್ವೆರಿ ಮತ್ತು ಎಸ್‌ಕ್ಯೂಎಲ್‌ನಿಂದ ಟೇಬಲ್ ಕಟ್ಟುವ ಡಿಬಿಟಿಯಲ್ಲೇ ಇದ್ದರೆ ಕಂಟೇನರ್‌ಗೆ ಹೆಚ್ಚು ಕೆಲಸ ಇಲ್ಲ. ಡಿಬಿಟಿ 1.8ರಿಂದ ಬಂದ ಯುನಿಟ್ ಟೆಸ್ಟ್, ಜೊತೆಗೆ ತಾತ್ಕಾಲಿಕ ಡೇಟಾಸೆಟ್, ಅಷ್ಟು ಸಾಕು. ಇಬ್ಬರೇ ಇರುವ ತಂಡವಾದರೆ ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಮುಖ್ಯ ಪೈಪ್‌ಲೈನ್ ಒಂದನ್ನು ಆರಿಸಿ, ಅದನ್ನು ಎರಡು ಸಲ ಓಡಿಸುವ ಟೆಸ್ಟ್ ಮೊದಲು ಬರೆಯಿರಿ. ಟೆಸ್ಟ್ ತಾನಾಗಿ ಓಡಿಸುವ ಗಿಟ್‌ಹಬ್ ಆ್ಯಕ್ಷನ್ಸ್‌ನ ಉಚಿತ ಪ್ಲಾನ್‌ನಲ್ಲಿ ಖಾಸಗಿ ರೆಪೊಗಳಿಗೆ ತಿಂಗಳಿಗೆ 2,000 ನಿಮಿಷ ಸಿಗುತ್ತದೆ. ಐದು ನಿಮಿಷದ ಟೆಸ್ಟ್ ಆದರೆ 400 ಓಟ.

ಡೇಟಾ ಗುಣಮಟ್ಟದ ಚೆಕ್ ಇದ್ದರೆ ಸಾಲದೇ?

ಈ ಪ್ರಶ್ನೆ ತಪ್ಪದೆ ಬರುತ್ತದೆ. ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್, ಸೋಡಾ, ಡಿಬಿಟಿಯ ಡೇಟಾ ಟೆಸ್ಟ್ ಎಂಬ ಚೆಕ್ ಸಲಕರಣೆಗಳು ಪ್ರೊಡಕ್ಷನ್‌ಗೆ ಬಂದ ಡೇಟಾವನ್ನು ನೋಡುತ್ತವೆ. ಇಂಟಿಗ್ರೇಷನ್ ಟೆಸ್ಟ್ ನೋಡುವುದು ಕೋಡ್ ಅನ್ನು, ಅದೂ ಮುಖ್ಯ ಕೋಡ್‌ಗೆ ಮರ್ಜ್ ಆಗುವ ಮೊದಲೇ. ಕಾಲಂ ಖಾಲಿ ಇಲ್ಲ, ಐಡಿ ಯುನಿಕ್ ಎಂಬ ಚೆಕ್‌ಗಳೆಲ್ಲ ಪಾಸಾಗಿಯೂ ನಮ್ಮ 5:00ರ ಹರಾಜು ತಪ್ಪು ದಿನದಲ್ಲೇ ಇರುತ್ತದೆ. ಎರಡೂ ಬೇಕು.

ಚೆಕ್‌ಗಳನ್ನೂ ಟೆಸ್ಟ್ ಮಾಡಬೇಕು ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರೀಕೃತ ಬೋಟ್‌ಗಳಿಗೆ ಮೀನುಗಾರಿಕೆ ನಿಷೇಧ. ನಾಡದೋಣಿಗಳು ಮಾತ್ರ ಹೋಗುತ್ತವೆ. "ನಿನ್ನೆಗಿಂತ ಸಾಲು ಅರ್ಧಕ್ಕಿಂತ ಕಡಿಮೆ ಆದರೆ ಅಲಾರಂ" ಎಂಬ ಚೆಕ್ ಜೂನ್ 1ರ ಬೆಳಿಗ್ಗೆ ಎಲ್ಲರನ್ನೂ ಎಬ್ಬಿಸುತ್ತದೆ. ಕೆಲವು ಬಂದರಿನ ಫೈಲ್ ಪೂರ್ತಿ ಖಾಲಿಯೂ ಬರಬಹುದು. ಸ್ಕೀಮಾ (ಕಾಲಂಗಳ ವಿವರ) ಕೊಡದೆ ಪಾರ್ಕೆ ಎಂಬ ಫೈಲ್ ರೂಪದ ಖಾಲಿ ಫೋಲ್ಡರ್ ಓದಲು ಹೇಳಿದರೆ ಸ್ಪಾರ್ಕ್ ಸ್ಕೀಮಾ ಊಹಿಸಲಾಗದೆ ನಿಂತುಬಿಡುತ್ತದೆ. ಇನ್ನು ಕೆಲವು ಜಾಬ್‌ಗಳು ನಿಲ್ಲದೆ ಖಾಲಿಯನ್ನೇ ಹಳೇ ಟೇಬಲ್ ಮೇಲೆ ಬರೆದುಬಿಡುತ್ತವೆ. ಅದು ಇನ್ನೂ ಕೆಟ್ಟದ್ದು.

ಹಾಗಾಗಿ ನಿಷೇಧದ ದಿನಾಂಕಗಳನ್ನು ಕೋಡ್‌ನಲ್ಲಿ ಬರೆಯದೆ ಒಂದು ಚಿಕ್ಕ ಟೇಬಲ್‌ನಲ್ಲಿಡಿ. ಕಂಟೇನರ್ ಟೆಸ್ಟ್‌ಗೆ ನಾಲ್ಕು ದಿನದ ಇನ್‌ಪುಟ್ ಕೊಡಿ: ಮೇ 31, ಜೂನ್ 1, ಜುಲೈ 31, ಆಗಸ್ಟ್ 1. ಜೂನ್ 1ರ ಫೈಲ್ ಖಾಲಿ ಇರಲಿ. ಜಾಬ್ ನಿಲ್ಲಬಾರದು, ಮೇ 31ರ ಸಾಲು ಅಳಿಯಬಾರದು, ಅಲಾರಂ ಕೂಗಬಾರದು. ಆಗಸ್ಟ್ 1ಕ್ಕೂ ಖಾಲಿ ಫೈಲ್ ಕೊಡಿ, ಅಲ್ಲಿ ಅಲಾರಂ ಕೂಗಲೇಬೇಕು.